ಮೊದಲನೆಯದು ಸಿಸೇರಿಯನ್, ಎರಡನೆಯದು ನಾರ್ಮಲ್ ಆಗಬಹುದಾ? ಅನುಭವ ಇದ್ದವರು ಹೇಳಿ

ಹಾಸನದ ಗರ್ಭಿಣಿ: ಏಳನೇ ತಿಂಗಳು. ದೊಡ್ಡವನಿಗೆ ಮೂರು ವರ್ಷ. ಅವನು ಹೊಟ್ಟೆಯಲ್ಲಿ ಉಲ್ಟಾ ಇದ್ದ ಅಂತ ಸಿಸೇರಿಯನ್ ಮಾಡಿದ್ದರು. ಈ ಸಲ ತಲೆ ಕೆಳಗೇ ಇದೆ. ನಮ್ಮೂರಿನ ನರ್ಸಿಂಗ್ ಹೋಮ್‌ನಲ್ಲಿ "ಒಮ್ಮೆ ಆಪರೇಷನ್ ಆದರೆ ಮುಂದೆಯೂ ಆಪರೇಷನ್ನೇ" ಅಂದರು. ಮೈಸೂರಿನ ಡಾಕ್ಟರು ನಾರ್ಮಲ್‌ಗೆ ನೋಡೋಣ ಅಂದರು. ಯಾರನ್ನು ನಂಬಲಿ?

ತುಮಕೂರಿನ ತಾಯಿ: ನನಗೆ ಎರಡನೆಯದು ನಾರ್ಮಲ್ ಆಯಿತು, ಅದೂ ಮನೆಯವರೆಲ್ಲ ಬೇಡ ಅಂದ ಮೇಲೆ. ನಮ್ಮ ಡಾಕ್ಟರು ಮೊದಲು ಕೇಳಿದ್ದೇ ಹಳೆಯ ಡಿಸ್ಚಾರ್ಜ್ ಸಮ್ಮರಿ. ಹೊಟ್ಟೆ ಮೇಲಿನ ಗಾಯ ನೋಡಿದರೆ ಗೊತ್ತಾಗಲ್ಲ, ಗರ್ಭಕೋಶದ ಮೇಲೆ ಹೇಗೆ ಕೊಯ್ದಿದ್ದಾರೆ ಅನ್ನೋದು ಮುಖ್ಯ. ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದಿದ್ದರೆ ಪ್ರಯತ್ನಿಸಬಹುದು, ಮೇಲಿಂದ ಕೆಳಕ್ಕೆ ಉದ್ದಕ್ಕೆ ಕೊಯ್ದಿದ್ದರೆ ಬೇಡ. ಆ ಕಾಗದ ಕೊಡೋಕೆ ಹಳೆ ಆಸ್ಪತ್ರೆಯವರು ಎಷ್ಟು ಸತಾಯಿಸಿದರು! ಕೊನೆಗೆ ನನ್ನ ಗಂಡ ರಿಸೆಪ್ಷನ್‌ನಲ್ಲೇ ಕೂತು ತಂದರು. ನೋವು ತಾನಾಗಿ ಬರುವ ತನಕ ಕಾದೆವು, ಬರಿಸುವ ಮಾತ್ರೆ ಕೊಡಲಿಲ್ಲ, ಅದರಿಂದ ಹಳೆ ಹೊಲಿಗೆಗೆ ಅಪಾಯ ಜಾಸ್ತಿ. ನೋವು ಶುರುವಾದ ಮೇಲೆ ಮಗುವಿನ ಎದೆಬಡಿತದ ಬೆಲ್ಟ್ ಬಿಚ್ಚಲೇ ಇಲ್ಲ. ಬಿಲ್ 58,400. ಅದರಲ್ಲಿ ರೂಮ್ ಬಾಡಿಗೆಯೇ 13,500, ಎಪಿಡ್ಯೂರಲ್ (ನೋವು ಕಡಿಮೆ ಮಾಡೋಕೆ ಬೆನ್ನಿಗೆ ಕೊಡುವ ಅರಿವಳಿಕೆ) 12,000. ಎರಡನೇ ದಿನ ಎದ್ದು ನಾನೇ ಸ್ನಾನ ಮಾಡಿದೆ.

ದಾವಣಗೆರೆ, ಇಬ್ಬರು ಹೆಣ್ಮಕ್ಕಳ ಅಮ್ಮ: ಇಂಥ ಕಥೆ ಓದಿಯೇ ನಾನೂ ಹೊರಟಿದ್ದು. ರಾತ್ರಿಯೆಲ್ಲ ನೋವು ತಿಂದೆ, ಗರ್ಭಕೋಶದ ಬಾಯಿ ತೆರೆಯೋದು ಎಂಟು ಸೆಂಟಿಮೀಟರ್‌ಗೆ ಬಂದು ನಿಂತುಬಿಟ್ಟಿತು. ಮಗುವಿನ ಎದೆಬಡಿತ ಇಳಿಯಿತು, ಅರಿವಳಿಕೆ ಡಾಕ್ಟರು ಮನೆಯಿಂದ ಬರಬೇಕಿತ್ತು. ನಾರ್ಮಲ್ ಪ್ಯಾಕೇಜ್ 55,000 ಅಂದಿದ್ದರು. ಕೊನೆಗೆ ಎಮರ್ಜೆನ್ಸಿ ಸಿಸೇರಿಯನ್ 98,000, ಎನ್‌ಐಸಿಯು (ಹಸುಗೂಸುಗಳ ಐಸಿಯು) ದಿನಕ್ಕೆ 9,500, ಔಷಧಿ ಬೇರೆ, ರಕ್ತ ಬೇರೆ. ಎಲ್ಲಾ ಸೇರಿ 1,87,000 ದಾಟಿತು. ಗಂಡನ ಕಂಪನಿ ಇನ್ಶೂರೆನ್ಸ್ ಹೆರಿಗೆಗೆ ಕೊಡೋದು 50,000 ಮಾತ್ರ. ಉಳಿದಿದ್ದಕ್ಕೆ ನನ್ನ ಬಳೆ ಹೋಯಿತು, ಇನ್ನೂ ಬಿಡಿಸಿಲ್ಲ. ಮೊದಲೇ ದಿನ ನೋಡಿ ಆಪರೇಷನ್ ಮಾಡಿಸಿದ್ದರೆ ಇಷ್ಟೆಲ್ಲ ಇರುತ್ತಿತ್ತಾ?

ತುಮಕೂರಿನ ತಾಯಿ: ನಿಮಗಾದದ್ದಕ್ಕೆ ಬೇಜಾರಾಯಿತು. ಆದರೆ ಹೀಗೆ ಹೆದರಿಸಬೇಡಿ. ಪ್ರಯತ್ನಿಸಿದ 100 ಜನರಲ್ಲಿ 60ರಿಂದ 80 ಜನಕ್ಕೆ ನಾರ್ಮಲ್ ಆಗುತ್ತೆ. ಹೊಲಿಗೆ ಬಿಡೋದು ಸುಮಾರು 200ರಲ್ಲಿ ಒಬ್ಬರಿಗೆ.

ದಾವಣಗೆರೆ, ಇಬ್ಬರು ಹೆಣ್ಮಕ್ಕಳ ಅಮ್ಮ: ಉಳಿದ 20ರಿಂದ 40 ಜನ ಎಲ್ಲಿ ಹೋದರು ಮೇಡಂ? ಅವರಲ್ಲಿ ನಾನೊಬ್ಬಳು. ನನ್ನ ಮಗಳು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ ನಿಮ್ಮ ಲೆಕ್ಕ ಯಾರಿಗೆ ಬೇಕಿತ್ತು?

ಕೊಪ್ಪಳದ ಆಶಾ ಕಾರ್ಯಕರ್ತೆ: ನೀವಿಬ್ಬರೂ ಪ್ರೈವೇಟ್ ಬಿಲ್ಲೇ ಹೇಳ್ತಿದ್ದೀರಿ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲಾ ಉಚಿತ. ತಾಯಿ ಕಾರ್ಡ್ ತಗೊಂಡು ಹೋದರಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ, ದೇಶದಲ್ಲಿ ಪ್ರೈವೇಟ್ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್, ಸರ್ಕಾರಿಯಲ್ಲಿ ಶೇ. 14.3. ನನ್ನ ಸೊಸೆಯದೂ ತಾಲ್ಲೂಕು ಆಸ್ಪತ್ರೆಯಲ್ಲೇ ಆಯಿತು, ಅವಳಿಗೂ ಮಗುವಿಗೂ ಏನೂ ತೊಂದರೆ ಆಗಲಿಲ್ಲ.

ಬೆಂಗಳೂರಿನ ಅಪ್ಪ: ಉಚಿತ ಅನ್ನೋದು ಗೋಡೆ ಮೇಲಿನ ಬೋರ್ಡ್‌ನಲ್ಲಿ. ಗಂಡು ಮಗು ಅಂತ ಹೇಳೋಕೆ ಆಯಾ 1,000 ಕೇಳಿದಳು, ಸ್ಟ್ರೆಚರ್ ತಳ್ಳೋಕೆ 300, ಮಗು ಒರೆಸಿ ಕೊಡೋಕೆ 500. ನನ್ನ ಹೆಂಡತಿ ಒಂದೇ ಮಂಚದಲ್ಲಿ ಇನ್ನೊಬ್ಬರ ಜೊತೆ ಮಲಗಿದ್ದಳು. ಅದಕ್ಕೇ ಎರಡನೆಯದಕ್ಕೆ ಪ್ರೈವೇಟ್‌ನಲ್ಲಿ ಒಳ್ಳೆ ನಕ್ಷತ್ರ ನೋಡಿ ಆಪರೇಷನ್ ಮಾಡಿಸಿದೆವು. ನಿಮ್ಮ ಸರ್ಕಾರಿ ಆಸ್ಪತ್ರೆ ನಿಮಗೇ ಇರಲಿ.

ಕೊಪ್ಪಳದ ಆಶಾ ಕಾರ್ಯಕರ್ತೆ: ದುಡ್ಡು ಕೇಳಿದವರ ಮೇಲೆ ಬರೆದು ಕೊಡಬೇಕಿತ್ತು. ಕೊಟ್ಟು ಬಂದು ಇಲ್ಲಿ ನಮ್ಮನ್ನೆಲ್ಲ ಬಯ್ಯಬೇಡಿ. ರಾತ್ರಿ ಎರಡು ಗಂಟೆಗೆ ಗರ್ಭಿಣಿ ಜೊತೆ 108ರಲ್ಲಿ ಕೂರೋದು ನಾವು.

ತುಮಕೂರಿನ ತಾಯಿ: ನಕ್ಷತ್ರ ನೋಡಿದಿರಲ್ಲ, ವಾರ ನೋಡಿದಿರಾ? ಅವಸರ ಇಲ್ಲದ ಸಿಸೇರಿಯನ್‌ಗೆ 39 ವಾರ ತುಂಬಬೇಕು. ಮುಂಚೆ ತೆಗೆದರೆ ಮಗುವಿಗೆ ಉಸಿರಾಟದ ತೊಂದರೆ ಜಾಸ್ತಿ. ನಮ್ಮ ಓರಗಿತ್ತಿ ಮಗುವಿಗೆ ಹಾಗೇ ಆಯಿತು, ಪಂಚಾಂಗ ಕೊಟ್ಟವರು ನೋಡೋಕೂ ಬರಲಿಲ್ಲ.

ಬೆಂಗಳೂರಿನ ಅಪ್ಪ: 39 ತುಂಬಿತ್ತು. ನಮ್ಮ ನಂಬಿಕೆ ನಮಗೆ. ನೀವು ಮೊದಲು ಬಾಣಂತಿಗೆ ನೀರು ಕೊಡದ ಅತ್ತೆಯರಿಗೆ ಬುದ್ಧಿ ಹೇಳಿ.

ಧಾರವಾಡದ ಅಜ್ಜಿ: ನೀರು ಕೊಡಬಾರದು ಅಂತ ಯಾರು ಅಂದರು? ಕಾಯಿಸಿ ಆರಿಸಿದ ನೀರು ನಾನು ಮೂರೂ ಸೊಸೆಯರಿಗೆ ಕೊಟ್ಟಿದ್ದೇನೆ. ಅಳವಿ ಉಂಡಿ, ಅಂಟಿನ ಉಂಡಿ ಎಲ್ಲ ನಾನೇ ಕಟ್ಟಿದ್ದು. ಈಗಿನವರು ಅತ್ತೆಯರನ್ನು ಬಯ್ಯೋಕೆ ಸಂದು ಹುಡುಕ್ತೀರಿ.

ಹಾಸನದ ಗರ್ಭಿಣಿ: ನೀರಿನ ವಿಷಯ ಆಮೇಲೆ ಮಾತಾಡಿ, ಪ್ಲೀಸ್. ಹಳೆ ಕಾಗದ ಸಿಕ್ಕಿತು, ಕೆಳಗೆ ಅಡ್ಡ ಕೊಯ್ತ ಅಂತಲೇ ಇದೆ. ಮೈಸೂರಿನ ಆಸ್ಪತ್ರೆಯಲ್ಲಿ ಏನೇನು ಕೇಳಲಿ?

ದಾವಣಗೆರೆ, ಇಬ್ಬರು ಹೆಣ್ಮಕ್ಕಳ ಅಮ್ಮ: ರಾತ್ರಿ ಅರಿವಳಿಕೆ ಡಾಕ್ಟರು ಆಸ್ಪತ್ರೆಯಲ್ಲೇ ಇರ್ತಾರಾ, ಫೋನ್ ಮಾಡಿ ಕರೆಸ್ತಾರಾ ಕೇಳಿ. ರಕ್ತ ಅಲ್ಲೇ ಸಿಗುತ್ತಾ ಕೇಳಿ. ನಡುವೆ ಆಪರೇಷನ್‌ಗೆ ತಿರುಗಿದರೆ ಬಿಲ್ ಎಷ್ಟು ಅಂತ ಬರೆಸಿಕೊಳ್ಳಿ, ಬಾಯಿಮಾತಲ್ಲಿ ಬೇಡ. ಮತ್ತೆ ಹಾಸನದಿಂದ ಮೈಸೂರಿಗೆ ನೋವು ತಿನ್ನುತ್ತಾ ಹೋಗಬೇಡಿ, ದಿನ ಹತ್ತಿರ ಬಂದಾಗ ಅಲ್ಲೇ ಯಾರದಾದರೂ ಮನೆಯಲ್ಲಿ ಇರಿ.

ತುಮಕೂರಿನ ತಾಯಿ: ಇದನ್ನು ನಾನೂ ಒಪ್ತೀನಿ. ನಿಮ್ಮ ಮೊದಲ ಮಗು ಉಲ್ಟಾ ಇದ್ದದ್ದಕ್ಕೇ ತಾನೇ ಆಪರೇಷನ್ ಆಗಿದ್ದು, ಈ ಸಲ ಆ ಕಾರಣ ಇಲ್ಲ.

ದಾವಣಗೆರೆ, ಇಬ್ಬರು ಹೆಣ್ಮಕ್ಕಳ ಅಮ್ಮ: ನೀವು ಒಪ್ಪಿ ಅಂತ ನಾನು ಬರೆದಿದ್ದಲ್ಲ.