ಸಹಾಯ ಬೇಕು: ಸೋಬಾನೆ ಪದಗಳ ಪುಸ್ತಕ ಪ್ರೆಸ್‌ಗೆ ಕೊಡುವ ಮೊದಲು

ಎಲ್ಲರಿಗೂ ನಮಸ್ಕಾರ. ಶಿರಾ ಕಡೆಯ ನಮ್ಮೂರಿನ ಅಜ್ಜಿಯರು ಹಾಡುವ ಸೋಬಾನೆ ಪದಗಳನ್ನು ಪುಸ್ತಕ ಮಾಡುತ್ತಿದ್ದೇವೆ. ಡೆಮಿ 1/8 (ಸಾಮಾನ್ಯ ಕನ್ನಡ ಪುಸ್ತಕದ ಅಳತೆ) ಸೈಜು, 76 ಪುಟ, 300 ಪ್ರತಿ. ತುಮಕೂರಿನ ಒಂದು ಪ್ರೆಸ್‌ನವರು ಕೊಟೇಶನ್ ಕೊಟ್ಟಿದ್ದಾರೆ.

ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೋ (ಹೊಳಪಿಲ್ಲದ ಮುದ್ರಣ ಕಾಗದ) ಎಂದಿದ್ದಾರೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅಂತ, ಅಲ್ವಾ? 70ರಲ್ಲಿ ಹಿಂದಿನ ಪುಟದ ಅಕ್ಷರ ಈ ಕಡೆ ಕಾಣುತ್ತದೆಯೇ? ಅಜ್ಜಿಯರೂ ಓದಲಿ ಎಂದು ಅಕ್ಷರ 14 ಪಾಯಿಂಟ್ ಇಟ್ಟಿದ್ದೇವೆ. 80 ಹಾಕಿಸಿದರೆ ಖರ್ಚು ಜಾಸ್ತಿ ಆಗುತ್ತದಾ?

ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ. ನಾಲ್ಕು ಫಾರಂ ಮುಗಿದು 12 ಪುಟ ಉಳಿಯುತ್ತವೆ, ಅದಕ್ಕೆ 80 ಪುಟ ಮಾಡಿ ಎನ್ನುತ್ತಿದ್ದಾರೆ. ಆ ನಾಲ್ಕು ಪುಟಗಳಲ್ಲಿ ಹಾಡಿದವರ ಫೋಟೋ ಹಾಕುವ ಆಸೆ ನನಗೆ. ಅವರ ಮುಖ ಪುಸ್ತಕದಲ್ಲಿ ಇರಲೇಬೇಕು. ಫೋಟೋಗಳು 300 ಡಿಪಿಐ (ಇಂಚಿಗೆ 300 ಚುಕ್ಕಿ) ಇವೆ. ಮ್ಯಾಪ್‌ಲಿಥೋ ಮೇಲೆ ಕಪ್ಪು ಬಿಳುಪಿನಲ್ಲಿ ಚೆನ್ನಾಗಿ ಬರುತ್ತವಾ, ಇಲ್ಲ ಆ ಪುಟಗಳಿಗೆ ಮಾತ್ರ ನುಣುಪಾದ ಆರ್ಟ್ ಪೇಪರ್ ಬೇಕಾ?

ಮಧ್ಯದ ಮಡಿಕೆಗೆ ಪಿನ್ ಹೊಡೆಯುವ ಸೆಂಟರ್ ಪಿನ್ ಒಳ್ಳೆಯದೋ, ಪುಸ್ತಕದ ಬೆನ್ನಿಗೆ ಗೋಂದು ಹಚ್ಚುವ ಪರ್ಫೆಕ್ಟ್ ಬೈಂಡಿಂಗೋ? ಗೋಂದು ಬಿಟ್ಟು ಹಾಳೆ ಉದುರಬಾರದು.

ಮುಖಪುಟ ಸಿಎಂವೈಕೆಯಲ್ಲೇ (ಅಚ್ಚಿನ ನಾಲ್ಕು ಬಣ್ಣಗಳಲ್ಲೇ) ಇದೆ, ಸುತ್ತ 3 ಮಿಮೀ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಟ್ಟಿದ್ದೇವೆ. ಚಿಂತೆ ಫಾಂಟ್ ಬದಲಿಸುವಾಗ ಒತ್ತಕ್ಷರ ಕೆಡುತ್ತದೇನೋ ಎಂದು. ನಾವು ಟೈಪ್ ಮಾಡಿದ್ದು ಯುನಿಕೋಡ್‌ನಲ್ಲಿ, ಪ್ರೆಸ್‌ನವರು ಕೇಳುವುದು ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್. ಫಾಂಟ್ ಎಂಬೆಡ್ ಮಾಡಿದ (ಫೈಲಿನೊಳಗೇ ಸೇರಿಸಿದ) ಪಿಡಿಎಫ್ ಕೊಟ್ಟರೆ ಸಾಕಲ್ವಾ?

300 ಪ್ರತಿಗೆ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಬೇಡ, ಫೈಲಿನಿಂದ ನೇರ ಮುದ್ರಿಸುವ ಡಿಜಿಟಲ್ ಸಾಕು ಎನ್ನುವವರೂ ಇದ್ದಾರೆ. ಪುಸ್ತಕ ಮಾಡಿಸಿದ ಅನುಭವ ಇರುವವರು ದಯವಿಟ್ಟು ತಿಳಿಸಿ.