ಬ್ಯಾಂಕ್ಸಿ ಪ್ರಿಂಟ್: ಅಸಲಿ ಪತ್ತೆ, ಬೆಲೆ, ಮಲೆನಾಡಿನ ತೇವ

ಕಾಫಿಕಣಿವೆ (ಚಿಕ್ಕಮಗಳೂರು):
ಬ್ರಿಟನ್ನಿನ ಬೀದಿ ಕಲಾವಿದ ಬ್ಯಾಂಕ್ಸಿಯ 'ಗರ್ಲ್ ವಿತ್ ಬಲೂನ್' ಸ್ಕ್ರೀನ್‌ಪ್ರಿಂಟ್ (ಜಾಲರಿ ಪರದೆಯ ಮೂಲಕ ಬಣ್ಣ ಒತ್ತಿ ತೆಗೆದ ಪ್ರಿಂಟ್) ಒಂದು ಲಂಡನ್ನಿನಲ್ಲಿ ಮಾರಾಟಕ್ಕಿದೆ. 600 ಪ್ರತಿಗಳ ಎಡಿಷನ್, ಸಹಿ ಇಲ್ಲ. ಮಾರುವವರು ತಮ್ಮ ಗ್ಯಾಲರಿಯದೇ ಸರ್ಟಿಫಿಕೇಟ್ ಕೊಡ್ತಾರಂತೆ, ಫ್ರೇಮ್ ಸಮೇತ ಕಳಿಸ್ತಾರಂತೆ. ಅಸಲಿ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ? ಬೆಲೆ ಯಾವುದಕ್ಕೆ ಹೋಲಿಸಿ ನೋಡಬೇಕು? ಮಳೆಗಾಲದಲ್ಲಿ ನಮ್ಮನೆ ಗೋಡೆ ಬೆವರುತ್ತೆ, ಅದೂ ಒಂದು ಚಿಂತೆ.

ಹೇಮಾವತಿ ದಂಡೆ (ಹಾಸನ):
ಬ್ಯಾಂಕ್ಸಿ ವಿಷಯದಲ್ಲಿ ಗ್ಯಾಲರಿ ಸರ್ಟಿಫಿಕೇಟ್ ಲೆಕ್ಕಕ್ಕಿಲ್ಲ ಸರ್. ದೃಢೀಕರಣ ಕೊಡೋದು 'ಪೆಸ್ಟ್ ಕಂಟ್ರೋಲ್' ಅನ್ನೋ ಕಲಾವಿದನದೇ ಕಚೇರಿ ಮಾತ್ರ, 2008ರಿಂದ. ಅದರ ಸರ್ಟಿಫಿಕೇಟಿಗೆ ಹರಿದ ಅರ್ಧ ನೋಟು ಸ್ಟೇಪಲ್ ಮಾಡಿರುತ್ತೆ. ರಾಣಿಯ ಜಾಗದಲ್ಲಿ ಡಯಾನಾ ಮುಖ ಇರೋ, ಬ್ಯಾಂಕ್ಸಿಯೇ ಅಚ್ಚು ಹಾಕಿದ ಹತ್ತು ಪೌಂಡಿನ ನೋಟು ಅದು. ಮೇಲೆ ಕೈಬರಹದ ನಂಬರ್ ಇರುತ್ತೆ, ಉಳಿದರ್ಧ ಅವರ ಹತ್ತಿರವೇ ಇರುತ್ತೆ. ಆ ಕಾಗದವೇ ಇಲ್ಲದಿದ್ದರೆ, ಮೊದಲು ಅರ್ಜಿ ಹಾಕಿ ತರಿಸಿಕೊಡಿ ಅಂತ ಮಾರುವವರಿಗೇ ಹೇಳಿ. ಇದ್ದರೆ, ಒಡೆತನ ನಿಮ್ಮ ಹೆಸರಿಗೆ ಬದಲಾಗೋದನ್ನ ಹಣ ಕೊಡೋ ಮುಂಚಿನ ಷರತ್ತಾಗಿ ಬರೆಸಿಕೊಳ್ಳಿ.

10 ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿಯಲ್ಲಿ ನೋಡಿದ್ರೆ ಸ್ಕ್ರೀನ್‌ಪ್ರಿಂಟಿನ ಕಪ್ಪು, ಕೆಂಪು ಎರಡೂ ಒತ್ತಾದ ಪದರವಾಗಿ ಕಾಣ್ತವೆ, ಅಂಚು ಚೊಕ್ಕ. ಇಂಕ್‌ಜೆಟ್ ಆದ್ರೆ ಸಿಂಪಡಿಸಿದ ಚುಕ್ಕಿ, ಆಫ್‌ಸೆಟ್ ಆದ್ರೆ ನಾಲ್ಕು ಬಣ್ಣದ ಚುಕ್ಕಿಗಳ ಜಾಲ. ಆದರೆ ಕಳ್ಳಪ್ರತಿಯನ್ನೂ ಸ್ಕ್ರೀನಿನಲ್ಲೇ ಹಾಕಬಹುದು. ಹಾಗಾಗಿ ಈ ಪರೀಕ್ಷೆಯಿಂದ ಕೆಲವು ನಕಲಿಗಳನ್ನ ಹಿಡಿಯಬಹುದು ಅಷ್ಟೆ, ಅಸಲಿ ಅಂತ ಹೇಳಕ್ಕಾಗಲ್ಲ.

ಅಚ್ಚುಮೊಳೆ:
ಬೆಲೆಗೆ ಬರ್ತೀನಿ. 2004ರ ಈ ಪ್ರಿಂಟಿನಲ್ಲಿ 150 ಸಹಿ ಇರೋವು, 600 ಸಹಿ ಇಲ್ಲದವು. ಎರಡರ ಬೆಲೆ ಬೇರೆಬೇರೆ, ಒಂದನ್ನ ತೋರಿಸಿ ಇನ್ನೊಂದನ್ನ ಮಾರೋರ ಮಾತಿಗೆ ಹೋಗ್ಬೇಡಿ. 2018ರಲ್ಲಿ ಹರಾಜಿನ ಕೋಣೆಯಲ್ಲೇ ಅರ್ಧ ಚೂರಾಗಿ, 2021ರಲ್ಲಿ ಸುಮಾರು 1 ಕೋಟಿ 86 ಲಕ್ಷ ಪೌಂಡಿಗೆ ಹೋಯ್ತಲ್ಲ, ಅದು ಕ್ಯಾನ್ವಾಸ್. ಪ್ರಿಂಟಿನ ಬೆಲೆಗೆ ಅದು ಅಳತೆಗೋಲೇ ಅಲ್ಲ.

ಇದೇ ಎಡಿಷನ್ನಿನ, ಸಹಿ ಇಲ್ಲದ ಪ್ರತಿಗಳು ಕಳೆದ ಒಂದೂವರೆ ವರ್ಷದಲ್ಲಿ ಹರಾಜಿನಲ್ಲಿ ಎಷ್ಟಕ್ಕೆ ಹೋಗಿವೆ, ಅಷ್ಟೇ ನೋಡಿ. 2021ರ ಸುತ್ತಿನ ಬೆಲೆಗಳು ಉಬ್ಬಿದ್ದವು, ಬಿಟ್ಟುಬಿಡಿ. ಪ್ರಕಟವಾಗೋ ಮೊತ್ತದಲ್ಲಿ ಕೊಳ್ಳುವವರ ಪ್ರೀಮಿಯಂ (ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಗೆ ಕೊಡೋ ಶುಲ್ಕ) ಸೇರಿರುತ್ತೆ. ಅದನ್ನೂ ಮಾರಾಟದ ಕಮಿಷನ್ನನ್ನೂ ಕಳೆದ ಮೇಲೆ ಉಳಿಯೋದೇ ನಾಳೆ ನೀವು ಮಾರಿದ್ರೆ ಕೈಗೆ ಸಿಗೋ ದುಡ್ಡು.

ಪ್ರತಿಯ ನಂಬರ್ 3 ಆದ್ರೇನು 503 ಆದ್ರೇನು, ಸ್ಕ್ರೀನ್‌ಪ್ರಿಂಟಿನಲ್ಲಿ ವ್ಯತ್ಯಾಸ ಇಲ್ಲ. ಡ್ರೈಪಾಯಿಂಟ್ (ಲೋಹದ ಪ್ಲೇಟನ್ನ ಸೂಜಿಯಿಂದ ಗೀರಿ ತೆಗೆಯೋ ಪ್ರಿಂಟ್) ಆದ್ರೆ ಪ್ಲೇಟು ಸವೆಯೋದ್ರಿಂದ ಮೊದಲ ಪ್ರತಿಗಳು ಮೇಲು. ಬೆಲೆ ಬೀಳಿಸೋದು ಕಾಗದದ ಸ್ಥಿತಿ: ಕತ್ತರಿಸಿದ ಅಂಚು, ಬೋರ್ಡಿಗೆ ಅಂಟಿಸಿರೋದು, ಬಿಸಿಲಿಗೆ ಮಾಸಿದ ಕೆಂಪು. ಫ್ರೇಮಿನಿಂದ ಹೊರಗೆ ತೆಗೆದು, ಹಿಂಬದಿಯದೂ ಸೇರಿಸಿ ಫೋಟೋ ಕೇಳಿ. ಫ್ರೇಮಿನೊಳಗಿನ ಫೋಟೋ ನೋಡಿ ಯಾವತ್ತೂ ಬೆಲೆ ಕಟ್ಟಬಾರದು.

ಇನ್ನೊಂದು, 'ಲಿಮಿಟೆಡ್' ಅಂದ ಮಾತ್ರಕ್ಕೆ ವಿರಳ ಅಲ್ಲ. ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್‌ನ 2021ರ 'ದಿ ವರ್ಚೂಸ್' ಸರಣಿಯಲ್ಲಿ ಕೆಲವೇ ದಿನ ಆರ್ಡರ್ ತಗೊಂಡು, ಬಂದಷ್ಟೂ ಅಚ್ಚು ಹಾಕಿದ್ರು.

ಮುಳ್ಳಯ್ಯನಗಿರಿ ಮಂಜು:
ತೇವದ ವಿಷಯ ಹೇಳ್ತೀನಿ, ಮಲೆನಾಡಿನಲ್ಲಿ ನಿಜವಾದ ನಷ್ಟ ಇಲ್ಲೇ. ಕಾಗದಕ್ಕೆ ಗಾಳಿಯ ತೇವಾಂಶ ಶೇ. 45–55 ಹಿತ. 65 ದಾಟಿ ನಿಂತರೆ ಬೂಷ್ಟು ಶುರು, ಆಮೇಲೆ ಕಂದು ಚುಕ್ಕೆ. ಒಂದು ತೇವಮಾಪಕ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಓಡಿಸಿ. ಮಳೆ ಹೊಡೆಯೋ ಹೊರಗೋಡೆ ಬೇಡ, ಒಳಗೋಡೆಗೇ ಹಾಕಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆ ಅಂಟಿಸಿದ್ರೆ ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡುತ್ತೆ.

ಫ್ರೇಮ್ ಇಲ್ಲದೆ, ಎರಡು ಗಟ್ಟಿ ಬೋರ್ಡಿನ ನಡುವೆ ಮಟ್ಟಸವಾಗಿ ತರಿಸಿ. ದಾರಿಯಲ್ಲಿ ಗಾಜು ಒಡೆದರೆ ಮೊದಲು ಗೀರು ಬೀಳೋದು ಪ್ರಿಂಟಿಗೇ. ಇಲ್ಲಿ ಕಟ್ಟಿಸುವಾಗ ಹಾರ್ಡ್‌ಬೋರ್ಡ್, ಫೆವಿಕಾಲ್, ಸೆಲ್ಲೋಟೇಪ್, ಲ್ಯಾಮಿನೇಷನ್ ಯಾವುದೂ ಬೇಡ ಅಂತ ಅಂಗಡಿಯವರಿಗೆ ಬರೆದೇ ಕೊಡಿ. ನೂರಕ್ಕೆ ನೂರು ಹತ್ತಿಯ ಆಮ್ಲರಹಿತ ಬೋರ್ಡು. ಮೇಲಂಚಿಗೆ ಎರಡೇ ಕಡೆ ಜಪಾನಿ ಕಾಗದದ ಪಟ್ಟಿ, ಗೋಧಿ ಗಂಜಿಯ ಅಂಟು. ಯುವಿ ತಡೆಯೋ ಅಕ್ರಿಲಿಕ್, ಅದು ಪ್ರಿಂಟಿಗೆ ತಾಗದಂತೆ ನಡುವೆ ಮೌಂಟು (ಕಿಟಕಿಯಂತೆ ಕೊರೆದ ಬೋರ್ಡು).

ಕಸ್ಟಮ್ಸ್: ಸುಂಕದ ಪಟ್ಟಿಯಲ್ಲಿ ಮೂಲ ಪ್ರಿಂಟುಗಳ ಸಂಖ್ಯೆಯಾದ 9702ರ ಅಡಿ ಬರೋದು ಕಲಾವಿದ ಪೂರ್ತಿ ಕೈಯಲ್ಲೇ ಮಾಡಿದ ಪ್ಲೇಟಿನಿಂದ ತೆಗೆದ ಪ್ರಿಂಟ್ ಮಾತ್ರ. ಯಾಂತ್ರಿಕ, ಫೋಟೋ ವಿಧಾನದ್ದು ಅಲ್ಲಿಂದ ಹೊರಗೆ, ಸಾಮಾನ್ಯವಾಗಿ ಇತರೆ ಮುದ್ರಿತ ವಸ್ತುಗಳ 4911ಕ್ಕೆ ಹೋಗುತ್ತೆ. ತರಿಸೋ ಮೊದಲೇ ಕಸ್ಟಮ್ಸ್ ಏಜೆಂಟ್ ಹತ್ತಿರ ಕೇಳಿ, ತೆರಿಗೆಯನ್ನೂ ಕೊಳ್ಳೋ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಮುಂದೆ ಚಿತ್ರಕಾರ ಎಫ್.ಎನ್. ಸೋಜಾ ಥರದವರ ನಗ್ನಚಿತ್ರ ತರಿಸೋದಿದ್ರೆ 2024ರ ಬಾಂಬೆ ಹೈಕೋರ್ಟ್ ತೀರ್ಪು ಓದಿಕೊಳ್ಳಿ. ಅಶ್ಲೀಲ ಅಂತ ಕಸ್ಟಮ್ಸ್ ತಡೆದಿದ್ದ ಸೋಜಾ, ಅಕ್ಬರ್ ಪದಮ್ಸೀ ಕೃತಿಗಳನ್ನ ಬಿಡಿಸಿದ ತೀರ್ಪು ಅದು.

ಕಾಫಿಕಣಿವೆ:
ಎಲ್ಲರಿಗೂ ಧನ್ಯವಾದ. ದುಡ್ಡು ಪೂರ್ತಿ ಕಟ್ಟಿದ ಮೇಲೆ ಪೆಸ್ಟ್ ಕಂಟ್ರೋಲ್‌ಗೆ ಅರ್ಜಿ ಹಾಕ್ತೀವಿ ಅಂತ ಮಾರುವವರು ಹೇಳ್ತಿದ್ದಾರೆ.

ಹೇಮಾವತಿ ದಂಡೆ (ಹಾಸನ):
ಹಾಗಿದ್ರೆ ಬಿಟ್ಟುಬಿಡಿ ಸರ್. 600 ಪ್ರತಿ ಇವೆ, ಕಾಗದಪತ್ರ ಸರಿ ಇರೋದು ಇನ್ನೊಂದು ಹರಾಜಿಗೆ ಬಂದೇ ಬರುತ್ತೆ.