ಕುಡಿದಾಗ ಮಾತ್ರ "ನಾನಿರಲ್ಲ" ಅನ್ನುವ ಅಣ್ಣ. ಏನು ಮಾಡಲಿ?

ಮಲೆನಾಡಿನ ತಂಗಿ:
ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಅಣ್ಣನಿಗೆ 38 ವರ್ಷ. ಮೊದಲು ಹಬ್ಬ, ಮದುವೆ ಅಂತ ಕುಡಿಯುತ್ತಿದ್ದ. ಈಗ ಎರಡು ವರ್ಷದಿಂದ ದಿನಾ ಬೇಕು, ಬೆಳಿಗ್ಗೆ ಎದ್ದರೆ ಕೈ ನಡುಗುತ್ತೆ, ಸ್ವಲ್ಪ ಹಾಕಿಕೊಂಡ ಮೇಲೆಯೇ ತೋಟಕ್ಕೆ ಹೋಗುವುದು. ಕುಡಿಯದೆ ಇದ್ದಾಗ ಮಾತು ಕಡಿಮೆ, ತುಂಬ ಒಳ್ಳೆಯವನು. ಕುಡಿದು ಅತ್ತಿಗೆ ಜೊತೆ ಜಗಳ ಆದರೆ ಮಾತ್ರ "ನಾನಿರಲ್ಲ, ಆಮೇಲೆ ನೆಮ್ಮದಿಯಾಗಿರಿ" ಅಂತ ಕತ್ತಲಲ್ಲಿ ಎದ್ದು ಹೊರಟುಬಿಡುತ್ತಾನೆ. ಕಳೆದ ತಿಂಗಳು ಎರಡು ಸಲ ಹೀಗಾಯಿತು. ಬೆಳಿಗ್ಗೆ ಕೇಳಿದರೆ ನೆನಪೇ ಇಲ್ಲ ಅನ್ನುತ್ತಾನೆ. ಅಪ್ಪ "ಕುಡಿದವನ ಮಾತು, ಬಿಡು" ಅನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗಲ್ವಾ?

ರಾತ್ರಿ ಪಾಳಿ:
ಇಲ್ಲಮ್ಮ, ಹಾಗೆ ಆಗಲ್ಲ. ಕೇಳಿದರೆ ಎಷ್ಟೋ ಜನಕ್ಕೆ ಎದೆ ಹಗುರ ಆಗುತ್ತೆ. ನಾನು ವ್ಯಸನ ಬಿಡಿಸುವ ವಾರ್ಡಿನಲ್ಲಿ ನರ್ಸ್. "ಕುಡಿದವನ ಮಾತು ಬಿಡು" ಅನ್ನುವುದನ್ನು ಅಪ್ಪನವರು ದಯವಿಟ್ಟು ನಿಲ್ಲಿಸಬೇಕು, ಯಾಕೆಂದರೆ ಅಪಾಯ ಇರುವುದೇ ಆ ಹೊತ್ತಿನಲ್ಲಿ.

ಕೆಲವರಿಗೆ ದುಡುಕು ಸ್ವಭಾವದಲ್ಲೇ ಇರುತ್ತೆ, ಅಂಥವರು ಕುಡಿತಕ್ಕೂ ಬೇಗ ಬೀಳುತ್ತಾರೆ. ನಿಮ್ಮ ಅಣ್ಣನ ಹಾಗೆ ಸಮಾಧಾನದ ಮನುಷ್ಯನಿಗೂ ಕುಡಿದಾಗ ದುಡುಕು ಬರುತ್ತೆ. ಹಣೆಯ ಹಿಂದಿನ ಮಿದುಳು "ತಡಿ, ಯೋಚನೆ ಮಾಡು" ಅಂತ ನಮ್ಮನ್ನು ಹಿಡಿದಿಡುತ್ತೆ ಅಲ್ವಾ, ಹೆಂಡ ಆ ಹಿಡಿತವನ್ನು ಸಡಿಲ ಮಾಡುತ್ತೆ. ಆಗ ಎದುರಿಗಿರುವ ಜಗಳ, ಅವಮಾನ ಮಾತ್ರ ಕಾಣುತ್ತೆ. ನಾಳೆ, ಮಕ್ಕಳು, ತೋಟ ಯಾವುದೂ ಕಾಣಲ್ಲ. ಜೊತೆಗೆ ವರ್ಷಗಟ್ಟಲೆ ಕುಡಿದರೆ ಮನಸ್ಸು ತಾನಾಗಿಯೇ ಕುಗ್ಗಿರುತ್ತೆ. ಎರಡೂ ಒಂದೇ ರಾತ್ರಿ ಸೇರಿದರೆ ಮೊದಲೇ ಯೋಚಿಸಿರದ ಮನುಷ್ಯನೂ ಕೈಮೀರಿ ಹೋಗಬಹುದು. ಒಳ್ಳೆಯ ವಿಷಯ ಏನೆಂದರೆ ಆ ಬಿರುಸು ಸಾಮಾನ್ಯವಾಗಿ ತುಂಬ ಹೊತ್ತು ಇರಲ್ಲ. ಆ ಹೊತ್ತಿನಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ, ವಾದ ಮಾಡಬೇಡಿ, ಲೆಕ್ಕ ಕೇಳಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಇಡುವ ಶೆಡ್ಡಿಗೆ ಇವತ್ತೇ ಬೀಗ ಹಾಕಿ, ಮನೆಯ ಮಾತ್ರೆಗಳನ್ನೂ ಒಳಗಿಡಿ.

2022ರ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಲೆಕ್ಕದಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದಾರೆ. ಕುಡಿತ, ಡ್ರಗ್ಸ್ ಕಾರಣ ಅಂತ ಬರೆದಿರುವುದು ಶೇ 6.8 ಮಾತ್ರ. "ಕುಟುಂಬದ ಸಮಸ್ಯೆ" ಶೇ 31.7. ಆ ಮನೆಗಳಲ್ಲಿ ಎಷ್ಟು ಕಡೆ ಜಗಳದ ಮಧ್ಯೆ ಬಾಟಲಿ ಇತ್ತು ಅಂತ ಯಾರೂ ಬರೆದುಕೊಂಡಿರಲ್ಲ. ವಾರ್ಡಿನಲ್ಲಿ ನಿಂತು ನೋಡುವ ನನಗೆ ಆ 6.8 ತುಂಬ ಕಡಿಮೆ ಅನಿಸುತ್ತೆ.

ಕಾಫಿ ಕಣ:
ನಾಳೆಯಿಂದಲೇ ಪೂರ್ತಿ ನಿಲ್ಲಿಸಿ. ದೇವರ ಮುಂದೆ ಆಣೆ ಮಾಡಿಸಿ, ನಾಲ್ಕು ದಿನ ಮನೆಯಿಂದ ಹೊರಗೆ ಬಿಡಬೇಡಿ. ನಮ್ಮ ಮಾವನಿಗೆ ಹಾಗೇ ಮಾಡಿದ್ದು, ಬಿಟ್ಟರು.

ರಾತ್ರಿ ಪಾಳಿ:
ಕಾಫಿ ಕಣ ಅವರೇ, ನಿಮ್ಮ ಕಾಳಜಿ ಅರ್ಥ ಆಗುತ್ತೆ, ಆದರೆ ಇವರ ಅಣ್ಣನಿಗೆ ಬೆಳಿಗ್ಗೆ ಕೈ ನಡುಗುತ್ತೆ. ಅಂಥವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ಭ್ರಮೆ ಶುರುವಾಗಬಹುದು. ಜೀವಕ್ಕೇ ಅಪಾಯ. ಡಾಕ್ಟರ ಕಣ್ಣೆದುರು, ಮಾತ್ರೆ ಮತ್ತು ಥಯಾಮಿನ್ (ವಿಟಮಿನ್ ಬಿ1) ಕೊಟ್ಟೇ ಬಿಡಿಸಬೇಕು.

ಬಿಟ್ಟು ಆರು ವರ್ಷ:
ತಂಗಿ, ನಿಮ್ಮ ಅಣ್ಣನ ಜಾಗದಲ್ಲಿ ನಾನಿದ್ದೆ. ದಾವಣಗೆರೆಯವನು. ಒಂದು ರಾತ್ರಿ ಹೆಂಡತಿ ಏನೋ ಒಂದು ಮಾತು ಅಂದಳು, ಇವತ್ತಿಗೂ ಯಾವ ಮಾತು ಅಂತ ನೆನಪಿಲ್ಲ, ಅಷ್ಟಕ್ಕೇ ಎದ್ದು ಹೊರಟಿದ್ದೆ. ಪಕ್ಕದ ಮನೆಯ ಅಜ್ಜ ಜಗಲಿಯಲ್ಲಿ ಕೂತಿದ್ದರು. "ಎಲ್ಲಿಗಪ್ಪಾ, ಬಾ ಕೂತ್ಕೋ" ಅಂದರು. ಬುದ್ಧಿ ಹೇಳಲಿಲ್ಲ. ಅಡಿಕೆ ಕೊಟ್ಟರು. ಗಂಟೆಯ ಹೊತ್ತಿಗೆ ನಾನು ಅಲ್ಲೇ ಮಲಗಿಬಿಟ್ಟಿದ್ದೆ. ಬೆಳಿಗ್ಗೆ ನೆನಪಿಲ್ಲ ಅಂದೆ, ಸುಳ್ಳು. ನೆನಪಿತ್ತು, ನಾಚಿಕೆಯಾಗಿತ್ತು. ನಿಮ್ಮ ಅಣ್ಣನಿಗೆ ನಿಜವಾಗಿಯೂ ನೆನಪಿಲ್ಲದೆ ಇರಬಹುದು, ಅದೂ ಆಗುತ್ತೆ. ಆದರೂ ಕುಡಿಯದ ಹೊತ್ತು ನೋಡಿ ಕೇಳಿ. "ಅಣ್ಣ, ಸಾಯಬೇಕು ಅನಿಸುತ್ತಾ?" ಅಂತ ಅದೇ ಮಾತಲ್ಲಿ ಕೇಳಿ, ಸುತ್ತಿಬಳಸಬೇಡಿ. ನನ್ನನ್ನು ಹಾಗೆ ಕೇಳಿದ್ದು ನನ್ನ ಅಕ್ಕ. ಕೇಳಿದ ದಿನವೇ ಅತ್ತುಬಿಟ್ಟೆ, ವಾರದಲ್ಲಿ ಆಸ್ಪತ್ರೆ ಸೇರಿದೆ. ಬಿಟ್ಟು ಮೂರ್ನಾಲ್ಕು ವಾರಕ್ಕೆ ಆ ಮಂಕು ಅರ್ಧ ಇಳಿಯಿತು. ಉಳಿದರ್ಧಕ್ಕೆ ಖಿನ್ನತೆಯ ಮಾತ್ರೆ ಬೇಕಾಯಿತು. ನಡುವೆ ಎರಡು ಸಲ ಜಾರಿದ್ದೇನೆ. ಅವನೂ ಜಾರಿದರೆ ಕೈಬಿಡಬೇಡಿ.

ರಾತ್ರಿ ಪಾಳಿ:
ಇನ್ನೊಂದು ಮಾತು. 14416 ಟೆಲಿ ಮಾನಸ್ ನಂಬರ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಮಾಡಬಹುದು. ಮತ್ತೆ ಎದ್ದು ಹೊರಟರೆ, ಕೈಮೀರಿತು ಅನಿಸಿದರೆ ಕಾಯಬೇಡಿ, 112ಕ್ಕೆ ಮಾಡಿ. ಪೊಲೀಸ್ ಕೇಸ್ ಆಗುತ್ತೆ ಅಂತ ತುಂಬ ಮನೆಯವರು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಸಾಯಲು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿ ಇದ್ದಾರೆ ಅಂತಲೇ ನೋಡಬೇಕು, ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ. ಆ ಹೆದರಿಕೆಯಿಂದ ಆಸ್ಪತ್ರೆ ತಪ್ಪಿಸಬೇಡಿ.

ಮಲೆನಾಡಿನ ತಂಗಿ:
ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಸಂಜೆ ಅವನು ಕುಡಿಯುವ ಮೊದಲೇ ಕಣದಲ್ಲಿ ಕೂತು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ "ಒಂದೊಂದು ಸಲ ಅನಿಸುತ್ತೆ ಕಣೇ" ಅಂದ. ಹೆದರಿಕೆಯಾಯಿತು, ಆದರೂ ಕೈ ಹಿಡಿದು ಕೂತೆ. ರಾತ್ರಿ 14416ಕ್ಕೆ ಮಾಡಿ ಅತ್ತಿಗೆಯೂ ಮಾತಾಡಿದರು. ಗುರುವಾರ ಹಾಸನದ ಆಸ್ಪತ್ರೆಗೆ ಹೋಗುವುದು ಅಂತ ಆಗಿದೆ, ಅಲ್ಲಿಯವರೆಗೆ ರಾತ್ರಿ ಅಪ್ಪ ಅವನ ಕೋಣೆಯಲ್ಲೇ ಮಲಗುತ್ತಾರೆ. ಶೆಡ್ಡಿನ ಬೀಗದ ಕೈ ಅವರೇ ಕೇಳಿ ಇಸ್ಕೊಂಡರು.